ಭದ್ರಾವತಿಯ ಖಾತೆ: ಸರ್ಕಾರದ ದುಡ್ಡು, ಊರಿನ ದುಡಿಮೆ



ಊರುಗಳ ಬೆಳವಣಿಗೆಯಲ್ಲಿ ಸರ್ಕಾರದ ಬಂಡವಾಳದ ಪಾತ್ರ ಏನು ಎಂಬುದು ನನಗೆ ಕೊಟ್ಟ ವಿಷಯ. ಎಲ್ಲ ಊರುಗಳ ಬಗ್ಗೆ ಮಾತಾಡಲು ಹೊರಟರೆ ಯಾವ ಊರಿನ ಬಗ್ಗೆಯೂ ಮಾತಾಡಿದಂತೆ ಆಗುವುದಿಲ್ಲ. ಹಾಗಾಗಿ ಇವತ್ತು ಒಂದೇ ಊರನ್ನು ಹಿಡಿದುಕೊಳ್ಳುತ್ತೇನೆ. ಸರ್ಕಾರದ ದುಡ್ಡಿನಿಂದಲೇ ಹುಟ್ಟಿ, ಬೆಳೆದು, ಅದು ನಿಂತಾಗ ಸೊರಗಿದ ಊರು ನಮ್ಮ ರಾಜ್ಯದಲ್ಲಿ ಭದ್ರಾವತಿಯಷ್ಟು ಸ್ಪಷ್ಟವಾಗಿ ಇನ್ನೊಂದಿಲ್ಲ.

ಮೊದಲು ಎರಡು ಅಂಕಿ ಹೇಳಿಬಿಡುತ್ತೇನೆ. 2001ರ ಜನಗಣತಿಯಲ್ಲಿ ಭದ್ರಾವತಿಯ ಜನಸಂಖ್ಯೆ ಸುಮಾರು 1.60 ಲಕ್ಷ. 2011ರಲ್ಲಿ ಸುಮಾರು 1.51 ಲಕ್ಷ. ಆ ಹತ್ತು ವರ್ಷ ಕರ್ನಾಟಕದ ಪಟ್ಟಣಗಳೆಲ್ಲ ಉಬ್ಬಿದ ಕಾಲ. ಇಪ್ಪತ್ತು ಕಿಲೋಮೀಟರ್ ಆಚೆಗಿನ ಶಿವಮೊಗ್ಗ ಹೊಸ ಬಡಾವಣೆಗಳಿಗೆ ಜಾಗ ಸಾಲದೆ ಒದ್ದಾಡುತ್ತಿತ್ತು. ಅಂಥ ಹೊತ್ತಿನಲ್ಲಿ ಇಲ್ಲಿ ಜನ ಕಡಿಮೆಯಾದರು. ಬರಕ್ಕೋ ಪ್ರವಾಹಕ್ಕೋ ಊರು ಹೀಗೆ ಕುಗ್ಗುವುದಿಲ್ಲ. ಹಾಗಾದರೆ ಊರು ಕುಗ್ಗಿದ್ದು ಯಾಕೆ ಎಂಬುದಕ್ಕೆ ಉತ್ತರ ಹುಡುಕುವುದೇ ಈ ಉಪನ್ಯಾಸದ ಕೆಲಸ.

ಕಬ್ಬಿಣದ ಕಾರ್ಖಾನೆ ಬರುವ ಮೊದಲು ಭದ್ರಾವತಿ ಬೆಂಕಿಪುರ ಎಂಬ ಹೆಸರಿನ ಸಣ್ಣ ಊರು. ಹಳೇನಗರದ ಹೊಯ್ಸಳರ ಲಕ್ಷ್ಮೀನರಸಿಂಹ ದೇವಾಲಯ, ಒಂದು ಹೊಳೆ, ಸುತ್ತ ಕಾಡು. ಬೀರೂರಿನಿಂದ ಶಿವಮೊಗ್ಗಕ್ಕೆ ಹಾಕಿದ ಮೀಟರ್ ಗೇಜ್ ರೈಲು ಹತ್ತೊಂಬತ್ತನೇ ಶತಮಾನದ ಕೊನೆಗೆ ಈ ದಾರಿಯಲ್ಲಿ ಓಡಾಡತೊಡಗಿತ್ತು. ಈ ರೈಲನ್ನು ಮರೆಯಬೇಡಿ. ಕಾರ್ಖಾನೆ ಎಲ್ಲಿ ಹಾಕಬೇಕು ಎಂಬ ಪ್ರಶ್ನೆ ಬಂದಾಗ ಹೊಳೆ, ಕಾಡು, ಅದಿರಿನ ಗುಡ್ಡ, ರೈಲು ಈ ನಾಲ್ಕೂ ಒಂದೆಡೆ ಸೇರುವ ಜಾಗ ಇದೇ ಆಗಿತ್ತು. ಮೂಲಸೌಕರ್ಯಕ್ಕೆ ಹಾಕಿದ ದುಡ್ಡು ಯಾವ ಕಾಲಕ್ಕೆ, ಯಾರ ಕೈಗೆ ಫಲ ಕೊಡುತ್ತದೆ ಎಂದು ಹಾಕಿದವರಿಗೇ ಗೊತ್ತಿರುವುದಿಲ್ಲ. ರೈಲು ಹಾಕಿದವರ ತಲೆಯಲ್ಲಿ ಉಕ್ಕು ಇರಲಿಲ್ಲ.

ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದರು. ಮೈಸೂರು ಬ್ಯಾಂಕು, ವಿಶ್ವವಿದ್ಯಾಲಯ, ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಎಲ್ಲ ಆ ಆರು ವರ್ಷದ ಫಲ. ಭದ್ರಾವತಿಯ ಯೋಜನೆಯೂ ಆಗಲೇ ಹುಟ್ಟಿತು. ಟಾಟಾ ಕಾರ್ಖಾನೆಗೂ ಸಲಹೆಗಾರರಾಗಿದ್ದ ಅಮೆರಿಕದ ಎಂಜಿನಿಯರ್ ಸಿ.ಪಿ. ಪೆರಿನ್ ಅವರ ಸಂಸ್ಥೆಯನ್ನು ಕರೆಸಿದರು. ತೊಡಕು ಎಲ್ಲಿತ್ತೆಂದರೆ, ಕೆಮ್ಮಣ್ಣುಗುಂಡಿಯಲ್ಲಿ ಒಳ್ಳೆಯ ಅದಿರಿತ್ತು, ಆದರೆ ಮೈಸೂರು ಸೀಮೆಯಲ್ಲಿ ಕಲ್ಲಿದ್ದಲು ಇರಲಿಲ್ಲ. ಬಂಗಾಳ, ಬಿಹಾರದಿಂದ ತರಿಸಿದರೆ ಸಾಗಣೆಯ ಖರ್ಚೇ ಕಬ್ಬಿಣದ ಬೆಲೆಯನ್ನು ನುಂಗುತ್ತಿತ್ತು. ಆದ್ದರಿಂದ ಕಟ್ಟಿಗೆಯ ಇದ್ದಿಲಿನಿಂದಲೇ ಕಬ್ಬಿಣ ಕರಗಿಸುವ ತೀರ್ಮಾನವಾಯಿತು.

ಈ ಇದ್ದಿಲಿನ ಕತೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಊರಿನ ಸ್ವಭಾವವೇ ಅದರಲ್ಲಿದೆ. ಕಾಡಿನಲ್ಲಿ ಕಡಿದ ಮರವನ್ನು ತುಂಡು ಮಾಡಿ, ಒಣಗಿಸಿ, ಗಾಳಿ ಆಡದ ದೊಡ್ಡ ಕಬ್ಬಿಣದ ಪಾತ್ರೆಗಳಲ್ಲಿ ತುಂಬಿ ಹೊರಗಿನಿಂದ ಕಾಯಿಸುತ್ತಿದ್ದರು. ಒಳಗೆ ಮರ ಉರಿಯುವುದಿಲ್ಲ, ಬೇಯುತ್ತದೆ. ಹೊಗೆಯನ್ನು ಆಚೆ ಬಿಡದೆ ತಣ್ಣಗೆ ಮಾಡಿ ಹಿಡಿದರೆ ಅದರಿಂದ ಮರದ ಮದ್ಯಸಾರ, ಸುಣ್ಣದ ಅಸಿಟೇಟು, ಟಾರು ಸಿಗುತ್ತವೆ. ಪಾತ್ರೆಯಲ್ಲಿ ಉಳಿದದ್ದು ಇದ್ದಿಲು. ಕಾರ್ಖಾನೆಯ ಮೊದಲ ಹೆಸರಿನಲ್ಲೇ ಮರದ ಬಟ್ಟಿ ಇಳಿಸುವ ಕೆಲಸ ಕಬ್ಬಿಣಕ್ಕಿಂತ ಮುಂದೆ ನಿಂತಿತ್ತು: ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್. ಇದ್ದಿಲಿನಲ್ಲಿ ಗಂಧಕ ಇಲ್ಲವೆನ್ನುವಷ್ಟು ಕಡಿಮೆ, ಹೀಗಾಗಿ ಕಬ್ಬಿಣ ಶುದ್ಧ. ಆದರೆ ಇದ್ದಿಲು ಮೆದು. ಎತ್ತರದ ಕುಲುಮೆಯಲ್ಲಿ ಮೇಲಿನ ಅದಿರಿನ ಭಾರಕ್ಕೆ ಪುಡಿಯಾಗುತ್ತದೆ. ಕುಲುಮೆ ಚಿಕ್ಕದೇ ಇರಬೇಕು, ಅಂದಮೇಲೆ ಉತ್ಪಾದನೆಯೂ ಚಿಕ್ಕದೇ. ಗುಣದಲ್ಲಿ ಮೇಲು, ಗಾತ್ರದಲ್ಲಿ ಕಿರಿದು ಎಂಬ ಈ ಹಣೆಬರಹ ಭದ್ರಾವತಿಯನ್ನು ಕೊನೆಯವರೆಗೂ ಬಿಡಲಿಲ್ಲ.

1923ರ ಜನವರಿ 18ರಂದು ಕಾರ್ಖಾನೆ ಶುರುವಾಯಿತು. ಯೋಜನೆ ಹಾಕುವಾಗ ಮಹಾಯುದ್ಧದ ಕಾಲ, ಕಬ್ಬಿಣಕ್ಕೆ ಚಿನ್ನದ ಬೆಲೆ. ಕುಲುಮೆ ಹೊತ್ತಿಸುವ ಹೊತ್ತಿಗೆ ಯುದ್ಧ ಮುಗಿದು ಬೆಲೆ ನೆಲಕಚ್ಚಿತ್ತು. ಖರ್ಚು ಅಂದಾಜು ಮೀರಿತ್ತು, ತಿಂಗಳು ತಿಂಗಳಿಗೂ ನಷ್ಟ. ಮಹಾರಾಜರ ಸರ್ಕಾರ ಪ್ರಜೆಗಳ ತೆರಿಗೆಯನ್ನು ಬೆಂಕಿಗೆ ಹಾಕುತ್ತಿದೆ ಎಂಬ ಟೀಕೆ ಆಗಲೇ ಎದ್ದಿತು. ಇಂದು ಟಿವಿ ಚರ್ಚೆಯಲ್ಲಿ ಕೇಳುವ ಮಾತುಗಳೆಲ್ಲ ಆಗಲೂ ಇದ್ದವು ಎಂಬುದು ನನಗೆ ಸ್ವಲ್ಪ ಸಮಾಧಾನ ಕೊಡುವ ಸಂಗತಿ.

ಆಗ ಸರ್ಕಾರ ಮಾಡಿದ ಕೆಲಸವನ್ನು ಗಮನಿಸಿ. ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರನ್ನೇ ಮತ್ತೆ ಕರೆದು ಆಡಳಿತ ಮಂಡಳಿಯ ಅಧ್ಯಕ್ಷರನ್ನಾಗಿ ಕೂರಿಸಿತು. ಅವರು 1929ರವರೆಗೆ ಅಲ್ಲಿದ್ದರು. ಖರ್ಚು ಕತ್ತರಿಸಿದರು, ದುಬಾರಿ ಸಂಬಳದ ಅಮೆರಿಕನ್ ತಜ್ಞರ ಜಾಗಕ್ಕೆ ನಮ್ಮವರನ್ನೇ ತಯಾರು ಮಾಡಿದರು. ಕಾರ್ಖಾನೆ ನಷ್ಟದ ಹೊಂಡದಿಂದ ಮೇಲೆದ್ದಿತು. ಹೊರಗಿನ ತಜ್ಞರ ಜಾಗಕ್ಕೆ ನಮ್ಮವರನ್ನು ತಂದದ್ದನ್ನು ನಾವು ದೇಶಭಕ್ತಿಯ ಕತೆಯಾಗಿ ಹೇಳಿಕೊಂಡು ಬಂದಿದ್ದೇವೆ. ಅದು ಲೆಕ್ಕಾಚಾರದ ಕತೆಯೂ ಹೌದು. ಹೊರಗಿನಿಂದ ಬಂದ ಪರಿಣತನ ಸಂಬಳ ಪ್ರತಿ ತಿಂಗಳ ಖರ್ಚು. ಊರಿನ ಹುಡುಗನಿಗೆ ಕಲಿಸಿದ ಕೆಲಸ ಒಮ್ಮೆ ಹಾಕಿದ ಬಂಡವಾಳ, ಅವನು ಇನ್ನೊಬ್ಬನಿಗೆ ಕಲಿಸುತ್ತಾನೆ. ವಿಶ್ವೇಶ್ವರಯ್ಯನವರು ತಮಗೆ ಸಲ್ಲಬೇಕಾದ ಸಂಭಾವನೆಯನ್ನು ಕಸುಬು ಕಲಿಸುವ ಶಾಲೆಗೆ ಬಿಟ್ಟುಕೊಟ್ಟರು. ಅದು ಬೆಂಗಳೂರಿನಲ್ಲಿ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಆಯಿತು, ಇಂದಿನ ಎಸ್.ಜೆ. ಪಾಲಿಟೆಕ್ನಿಕ್. ಭದ್ರಾವತಿಯ ದುಡಿಮೆಯ ಹಣ ಬೆಂಗಳೂರಿನ ಹುಡುಗರ ಕಲಿಕೆಗೆ ಹೋಯಿತೆಂದು ಭದ್ರಾವತಿಯವರು ಗೊಣಗಿದರೆ ನಾನು ತಪ್ಪು ಎನ್ನಲಾರೆ.

ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ 1926ರಿಂದ 1941ರ ನಡುವೆ ಸರ್ಕಾರ ಕೈ ಹಿಡಿತ ಮಾಡಲಿಲ್ಲ, ಹಾಕುತ್ತಲೇ ಹೋಯಿತು. ಬೀಡು ಕಬ್ಬಿಣ ಮಾರಿ ಬದುಕಲಾಗದು ಎಂದಾಗ ಕೊಳವೆ ಎರಕದ ಘಟಕ ಬಂತು. 1930ರ ದಶಕದಲ್ಲಿ ಉಕ್ಕಿನ ಘಟಕ, ಆಮೇಲೆ ಸಿಮೆಂಟು. 1936ರಲ್ಲಿ ಹೊಳೆಯ ದಂಡೆಯಲ್ಲೇ ಮೈಸೂರು ಪೇಪರ್ ಮಿಲ್ಸ್ ಸ್ಥಾಪನೆ. ಸ್ವಾತಂತ್ರ್ಯದ ನಂತರ ಜೋಗದ ವಿದ್ಯುತ್ತು ಬಂದಾಗ ಇದ್ದಿಲಿನ ಜೊತೆಗೆ ವಿದ್ಯುತ್ ಕುಲುಮೆಗಳು ಬಂದವು. 1962ರಲ್ಲಿ ಕಬ್ಬಿಣದ ಕಾರ್ಖಾನೆ ಕಂಪನಿಯಾಯಿತು, ಮುಂದೆ ಅದಕ್ಕೆ ವಿಶ್ವೇಶ್ವರಯ್ಯನವರ ಹೆಸರು ಬಂತು, ಜನರ ಬಾಯಲ್ಲಿ ವಿಐಎಸ್‌ಎಲ್. ಪೇಪರ್ ಮಿಲ್ಲು 1977ರಲ್ಲಿ ಸರ್ಕಾರಿ ಕಂಪನಿಯಾಯಿತು, 80ರ ದಶಕದಲ್ಲಿ ಪತ್ರಿಕೆಗಳಿಗೆ ನ್ಯೂಸ್‌ಪ್ರಿಂಟ್ ಮಾಡತೊಡಗಿತು. ಅದು ಎಂಪಿಎಂ. ಪತ್ರಿಕೆಗಳು ಇವೆರಡನ್ನು ಅವಳಿ ಕಾರ್ಖಾನೆ ಎಂದೇ ಬರೆಯುತ್ತವೆ.

ಈಗ ಊರಿನ ಕಡೆ ತಿರುಗೋಣ. ನ್ಯೂ ಟೌನ್, ಪೇಪರ್ ಟೌನ್, ಜನ್ನಾಪುರ, ಹಳೇನಗರ. ಹೆಸರುಗಳೇ ಊರು ಕಟ್ಟಿದ ಕ್ರಮವನ್ನು ಹೇಳುತ್ತವೆ. ಸಾಲು ಕ್ವಾರ್ಟರ್ಸ್, ಆಸ್ಪತ್ರೆ, ಶಾಲೆ, ಕ್ರೀಡಾಂಗಣ, ಕ್ಲಬ್ಬು ಎಲ್ಲ ಕಾರ್ಖಾನೆಯ ಲೆಕ್ಕದಲ್ಲಿ. 1965ರಲ್ಲಿ ಆಕಾಶವಾಣಿ ಬಂತು, ಮಲೆನಾಡಿನ ಮನೆಮನೆಯಲ್ಲಿ ಭದ್ರಾವತಿ ಎಂದರೆ ಒಂದು ಧ್ವನಿಯೂ ಆಯಿತು. ಕ್ರಿಕೆಟಿಗ ಗುಂಡಪ್ಪ ವಿಶ್ವನಾಥ್ ಹುಟ್ಟಿದ ಊರು ಇದು, ನಟ ದೊಡ್ಡಣ್ಣ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಲೇ ನಾಟಕ ಆಡಿದ ಊರು. ತಮಿಳು, ತೆಲುಗು, ಮಲಯಾಳ, ಉರ್ದು ಮಾತಾಡುವವರು ಕೆಲಸ ಹುಡುಕಿ ಬಂದು ಒಂದು ತಲೆಮಾರಿನಲ್ಲಿ ಕನ್ನಡದವರಾದರು. ಹೊಲವಿಲ್ಲದವನ ಮಗನಿಗೆ ಪ್ರಾವಿಡೆಂಟ್ ಫಂಡ್, ಮಗಳಿಗೆ ಹೈಸ್ಕೂಲು. ಭೂಮಿಯ ಒಡೆತನವನ್ನೇ ನೆಚ್ಚಿದ ಮಲೆನಾಡಿನ ಸಮಾಜದಲ್ಲಿ ಇದು ಸಣ್ಣ ಕ್ರಾಂತಿಯಲ್ಲ. ಅಡಿಕೆ ತೋಟದ ಯಜಮಾನನ ಎದುರು ತಲೆ ತಗ್ಗಿಸದೆ ಬದುಕುವ ಮೊದಲ ದಾರಿ ಹಾಜರಿ ಪುಸ್ತಕದ ಮೂಲಕ ತೆರೆಯಿತು.

ಕೌಶಲ ಎಂಬ ಮಾತನ್ನು ಈಚೆಗೆ ಸರ್ಕಾರಗಳು ಬಹಳ ಬಳಸುತ್ತವೆ. ಮೂರು ತಿಂಗಳ ತರಬೇತಿ, ಒಂದು ಸರ್ಟಿಫಿಕೇಟು, ಒಂದು ಫೋಟೋ. ಭದ್ರಾವತಿಯಂಥ ಕಾರ್ಖಾನೆಯಲ್ಲಿ ಕೌಶಲ ಹೇಗೆ ಕೂರುತ್ತಿತ್ತು ನೋಡಿ. ಎರಕದ ಮನೆಯಲ್ಲಿ ಅಚ್ಚು ಮಾಡುವವನು ಮರಳನ್ನು ಮುಷ್ಟಿಯಲ್ಲಿ ಹಿಂಡುತ್ತಾನೆ. ಬೆರಳಿನ ಗುರುತು ಅಚ್ಚೊತ್ತಿದಂತೆ ಮೂಡಬೇಕು, ಅಂಗೈಗೆ ಮರಳು ಅಂಟಬಾರದು, ಉಂಡೆಯನ್ನು ಮುರಿದರೆ ಅಂಚು ಉದುರದೆ ತುಂಡಾಗಬೇಕು. ತೇವ ಸ್ವಲ್ಪ ಹೆಚ್ಚಾದರೆ ಕರಗಿದ ಲೋಹ ತಾಗಿದ ಕ್ಷಣ ಆವಿ ಎದ್ದು ಎರಕದೊಳಗೆ ತೂತು ಬೀಳುತ್ತದೆ. ಉಕ್ಕಿನ ಕಡೆ ಹೋದರೆ ಸಾಣೆ ಚಕ್ರಕ್ಕೆ ತುಂಡು ಒತ್ತಿ ಹಿಡಿದು ಕಿಡಿ ನೋಡುವವರು. ಕಿಡಿ ಉದ್ದಕ್ಕೆ ಹೋಗಿ ಆರಿದರೆ ಇಂಗಾಲ ಕಡಿಮೆ, ಹೂವಿನಂತೆ ಒಡೆದು ಚದುರಿದರೆ ಹೆಚ್ಚು. ಪ್ರಯೋಗಾಲಯದ ಚೀಟಿ ಬರುವ ಮೊದಲೇ ಅನುಭವಿ ಕಣ್ಣು ಉಕ್ಕಿನ ಜಾತಿ ಹೇಳಿಬಿಡುತ್ತದೆ. ಇದನ್ನು ಕಲಿಯಲು ವರ್ಷಗಳು ಬೇಕು, ಪಕ್ಕದಲ್ಲಿ ನಿಂತು ಬೈಸಿಕೊಳ್ಳಬೇಕು. 1961ರ ಅಪ್ರೆಂಟಿಸ್ ಕಾಯಿದೆ ಬಂದ ಮೇಲೆ ಐಟಿಐ ಹುಡುಗರು ಹೀಗೆ ಪಕ್ಕದಲ್ಲಿ ನಿಲ್ಲುವುದು ಕಾನೂನಿನ ಚೌಕಟ್ಟಿಗೆ ಬಂತು. ಮಿಶ್ರಲೋಹದ ಉಕ್ಕು, ರೈಲ್ವೆ ಆಕ್ಸಲ್‌ಗಳು, ರಕ್ಷಣಾ ಇಲಾಖೆಗೆ ಬೇಕಾದ ಉಕ್ಕು ಇಲ್ಲಿಂದ ಹೋದದ್ದು ಈ ಕಣ್ಣು, ಈ ಕೈಗಳಿಂದ.

ಶಿವಮೊಗ್ಗ ಸುತ್ತಮುತ್ತ ಇವತ್ತು ವಾಹನದ ಬಿಡಿಭಾಗಗಳಿಗೆ ಎರಕ ಹೊಯ್ಯುವ ಫೌಂಡ್ರಿಗಳಿವೆ, ಎರಡು ಊರುಗಳ ನಡುವೆ ಮಾಚೇನಹಳ್ಳಿಯಲ್ಲಿ ಕೈಗಾರಿಕಾ ಪ್ರದೇಶವಿದೆ. ಬಂದರಿಲ್ಲದ, ಕಲ್ಲಿದ್ದಲಿಲ್ಲದ, ದೊಡ್ಡ ಮಾರುಕಟ್ಟೆ ಪಕ್ಕದಲ್ಲಿಲ್ಲದ ಮಲೆನಾಡಿನ ಬಾಗಿಲಲ್ಲಿ ಎರಕದ ಉದ್ಯಮ ಬೇರೂರಿದ್ದು ಭದ್ರಾವತಿ ಪಕ್ಕದಲ್ಲಿದ್ದುದರಿಂದ ಎಂದೇ ನಾನು ತಿಳಿದಿದ್ದೇನೆ. ಲೋಹದ ಜೊತೆ ಮಾತಾಡಬಲ್ಲ ಜನ ಅಲ್ಲಿ ಸಿಗುತ್ತಿದ್ದರು. ಆದರೆ ವಿಐಎಸ್‌ಎಲ್‌ನ ಲಾಭ ನಷ್ಟದ ಪಟ್ಟಿಯಲ್ಲಿ ಇದಕ್ಕೆ ಒಂದು ಸಾಲೂ ಇಲ್ಲ. ಸರ್ಕಾರ ಹಾಕಿದ ದುಡ್ಡು ಕಾರ್ಖಾನೆಯ ಖಾತೆಯಲ್ಲಿ ಖರ್ಚೆಂದು ದಾಖಲಾಯಿತು, ಬಂದ ಫಲ ಊರಿನ ಖಾತೆಗೆ ಹೋಯಿತು, ಊರಿಗೆ ಖಾತೆ ಪುಸ್ತಕವೇ ಇರಲಿಲ್ಲ. ನನ್ನ ವಾದದ ತಿರುಳು ಇಷ್ಟೇ. ಮುಚ್ಚುವ ತೀರ್ಮಾನ ಬಂದಾಗ ನೋಡಿದ್ದು ಮೊದಲ ಪುಸ್ತಕವನ್ನು ಮಾತ್ರ.

ಇನ್ನೊಂದು ಕಡೆಯನ್ನೂ ಹೇಳದಿದ್ದರೆ ನಾನು ಹಳೆಯ ದಿನಗಳ ಭಜನೆ ಮಾಡಿದಂತಾಗುತ್ತದೆ. ಕಾರ್ಖಾನೆಗಳ ಹಸಿವಿಗೆ ಕಾಡು ಕರಗಿತು. ಇದ್ದಿಲಿಗೆ ಒಂದು ಕಾಲದಲ್ಲಿ ಮರ, ಕಾಗದಕ್ಕೆ ಬಿದಿರು, ಬಿದಿರು ಮುಗಿದಾಗ ನೀಲಗಿರಿ, ಅಕೇಶಿಯಾ. ಎಂಪಿಎಂಗೆ ಮೂವತ್ತು ಸಾವಿರ ಹೆಕ್ಟೇರಿಗೂ ಮೀರಿದ ನೆಡುತೋಪುಗಳಿದ್ದವು. ಮಿಲ್ಲು ನಿಂತ ಮೇಲೂ 2020ರಲ್ಲಿ ಆ ಭೂಮಿಯ ಗುತ್ತಿಗೆ ಮುಂದುವರಿಸಲು ಸರ್ಕಾರ ಹೊರಟಾಗ, ನಮ್ಮೂರಿಗೆ ಅಕೇಶಿಯಾ ಮರ ಬೇಡ ಎಂದು ಮಲೆನಾಡಿನ ಹಳ್ಳಿಗಳು ಎದ್ದು ನಿಂತವು. ಭದ್ರಾ ನದಿಯ ಕೆಳಗಿನ ದಂಡೆಯವರಿಗೆ ಕಾರ್ಖಾನೆ ಎಂದರೆ ಕೊಳಕು ನೀರು. ಒಂದು ಊರಿಗೆ ಸಂಬಳ ತಂದದ್ದು ಇನ್ನೊಂದು ಊರಿನ ಹುಲ್ಲುಗಾವಲನ್ನೂ ಹೊಳೆಯನ್ನೂ ತಿಂದಿತ್ತು. ಊರಿನ ಖಾತೆ ಪುಸ್ತಕ ಬರೆಯುವುದಾದರೆ ಈ ಸಾಲೂ ಅದರಲ್ಲಿ ಇರಲೇಬೇಕು.

ಕುಸಿತದ ಕತೆ ಪತ್ರಿಕೆ ಓದುವವರಿಗೆ ಗೊತ್ತಿರುವುದೇ, ಬೇಗ ಹೇಳಿ ಮುಗಿಸುತ್ತೇನೆ. 1989ರಲ್ಲಿ ಕೇಂದ್ರದ ಉಕ್ಕು ಪ್ರಾಧಿಕಾರ, ಅಂದರೆ ಸೈಲ್, ವಿಐಎಸ್‌ಎಲ್ ಅನ್ನು ವಹಿಸಿಕೊಂಡಿತು, 1998ರಲ್ಲಿ ತನ್ನೊಳಗೆ ವಿಲೀನ ಮಾಡಿಕೊಂಡಿತು. ರಾಜ್ಯದ ಬೊಕ್ಕಸಕ್ಕೆ ಹೊರೆ ಇಳಿಯಿತು, ಕಾರ್ಖಾನೆಯ ಭವಿಷ್ಯದ ತೀರ್ಮಾನ ದೆಹಲಿಗೆ ಹೋಯಿತು. ಭಿಲಾಯಿ, ಬೊಕಾರೋಗಳ ಯಜಮಾನನಿಗೆ ಭದ್ರಾವತಿ ಬಾಲದ ತುದಿ. ಕೆಮ್ಮಣ್ಣುಗುಂಡಿಯ ಗಣಿಗಾರಿಕೆ ನಿಂತ ಮೇಲೆ ಸ್ವಂತ ಅದಿರು ಇಲ್ಲವಾಯಿತು. ಅದಿರಿನ ಮೇಲೆ ಕಟ್ಟಿದ ಕಾರ್ಖಾನೆ ಅದಿರನ್ನು ಮಾರುಕಟ್ಟೆಯಲ್ಲಿ ಕೊಂಡು, ಕೋಕನ್ನು ದೂರದಿಂದ ತರಿಸಿ, ದೊಡ್ಡ ಕಾರ್ಖಾನೆಗಳ ಎದುರು ಪೈಪೋಟಿಗೆ ನಿಲ್ಲಬೇಕಾಯಿತು. ಬಳ್ಳಾರಿಯ ಅದಿರು ಹಡಗು ಹತ್ತಿ ಚೀನಾಕ್ಕೆ ಹೋಗುತ್ತಿದ್ದ ವರ್ಷಗಳಲ್ಲಿ ಅದೇ ರಾಜ್ಯದ ಸರ್ಕಾರಿ ಕಾರ್ಖಾನೆಗೆ ಒಂದು ಗಣಿ ದಕ್ಕದೆ ಹೋದದ್ದನ್ನು ನಾನು ದುರದೃಷ್ಟ ಎನ್ನುವುದಿಲ್ಲ. ಅದು ತೀರ್ಮಾನ, ಅಥವಾ ತೀರ್ಮಾನ ಮಾಡದೆ ಕೂತ ಫಲ. ಎಲ್ಲ ಪಕ್ಷದವರೂ ಚುನಾವಣೆಗೆ ಒಮ್ಮೆ ಗಣಿ ಕೊಡಿಸುತ್ತೇವೆ ಎಂದರು.

ಎಂಪಿಎಂ 2015ರ ಸುಮಾರಿಗೆ ನಿಂತಿತು. ಅದರ ಕಾರ್ಮಿಕರು ಸ್ವಯಂ ನಿವೃತ್ತಿಯ ಮೊತ್ತ ಹಿಡಿದು ಹೊರಬಿದ್ದರು. 2016ರಲ್ಲಿ ಕೇಂದ್ರ ಸಂಪುಟ ವಿಐಎಸ್‌ಎಲ್‌ನಿಂದ ಬಂಡವಾಳ ಹಿಂತೆಗೆಯಲು ಒಪ್ಪಿತು, ಕೊಳ್ಳುವವರು ಸಿಗಲಿಲ್ಲ, 2022ರಲ್ಲಿ ಆ ಪ್ರಕ್ರಿಯೆ ಕೈಬಿಟ್ಟರು. 2023ರ ಜನವರಿಯಲ್ಲಿ, ಕುಲುಮೆ ಹೊತ್ತಿಸಿ ಸರಿಯಾಗಿ ನೂರು ವರ್ಷ ತುಂಬಿದ ತಿಂಗಳಲ್ಲಿ, ಕಾರ್ಖಾನೆ ಮುಚ್ಚುವ ತೀರ್ಮಾನ ಹೊರಬಿತ್ತು. ಕಾಯಂ ನೌಕರರು ಆ ಹೊತ್ತಿಗೆ ಕೆಲವೇ ನೂರು, ಗುತ್ತಿಗೆ ಕಾರ್ಮಿಕರು ಸಾವಿರಕ್ಕೂ ಹೆಚ್ಚು. ಧರಣಿಗೆ ಕೂತವರು ಮುಖ್ಯವಾಗಿ ಈ ಎರಡನೆಯವರು, ಕಳೆದುಕೊಳ್ಳಲು ಕಡಿಮೆ ಇದ್ದವರು.

ಮರುತಿಂಗಳು, ಫೆಬ್ರವರಿ 27ರಂದು, ಭದ್ರಾವತಿಗೂ ಶಿವಮೊಗ್ಗಕ್ಕೂ ನಡುವಿನ ಸೋಗಾನೆಯಲ್ಲಿ ಪ್ರಧಾನಿಗಳು ವಿಮಾನ ನಿಲ್ದಾಣ ಉದ್ಘಾಟಿಸಿದರು. ಸುಮಾರು 450 ಕೋಟಿ ರೂಪಾಯಿಯ ಕೆಲಸ, ಮೂರು ಕಿಲೋಮೀಟರ್ ಮೀರಿದ ರನ್‌ವೇ. ಶಿವಮೊಗ್ಗ 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೂ ಸೇರಿತು, ಭದ್ರಾವತಿ ಸೇರಲಿಲ್ಲ. ಭದ್ರಾವತಿಗೆ ಸಿಕ್ಕಿದ್ದು ಕ್ಷಿಪ್ರ ಕಾರ್ಯಪಡೆಯ ಘಟಕ, ಅದರ ಶಂಕುಸ್ಥಾಪನೆ 2021ರ ಜನವರಿಯಲ್ಲಿ. ವಿಮಾನ ನಿಲ್ದಾಣ ಬೇಡವಿತ್ತು ಎಂದು ನಾನು ಹೇಳುತ್ತಿಲ್ಲ. ಹೆಂಗಸರು ಬಸ್ಸಿನಲ್ಲಿ ಎಂಟು ಗಂಟೆ ಕೂತು ಬೆಂಗಳೂರಿನ ಆಸ್ಪತ್ರೆಗೆ ಹೋಗುವ ಜಿಲ್ಲೆಗೆ ಅದೂ ಬೇಕು. ನನ್ನ ತಕರಾರು ಬೇರೆ. ಮೂಲಸೌಕರ್ಯ ಎಂದರೆ ಹೊಸದಾಗಿ ಕಟ್ಟುವುದು ಎಂದಷ್ಟೇ ನಮ್ಮ ಸರ್ಕಾರಗಳಿಗೆ ತೋಚುತ್ತದೆ. ಇರುವ ಯಂತ್ರ, ಇರುವ ನೀರಿನ ಸರಬರಾಜು, ಇರುವ ರೈಲು ಸೈಡಿಂಗು, ಇರುವ ಕೆಲಸಗಾರ ಇವೆಲ್ಲ ಮೂಲಸೌಕರ್ಯದ ಪಟ್ಟಿಗೆ ಬರುವುದಿಲ್ಲ, ಅವಕ್ಕೆ ರಿಬ್ಬನ್ ಕತ್ತರಿಸಲಾಗದು.

ಭದ್ರಾವತಿ ಕುಸಿದಾಗ ಅದರ ಒಳಗಿನ ಒಂದು ಹಳೆಯ ದೌರ್ಬಲ್ಯವೂ ಬಯಲಾಯಿತು. ಕಾರ್ಖಾನೆಗಳೇ ತಮ್ಮ ಬಡಾವಣೆಗೆ ನೀರು, ದೀಪ, ರಸ್ತೆ, ಶಾಲೆ, ವೈದ್ಯ ಎಲ್ಲ ಕೊಟ್ಟದ್ದರಿಂದ ನಗರಸಭೆಗೆ ಕೆಲಸ ಕಲಿಯುವ ಅಗತ್ಯವೇ ಬರಲಿಲ್ಲ. ಗೇಟಿನ ಒಳಗೆ ಒಂದು ಊರು, ಹೊರಗೆ ಇನ್ನೊಂದು. ಒಳಗಿನವರಿಗೆ ತೆರಿಗೆ ಕಟ್ಟಿ ಸೌಕರ್ಯ ಕೇಳುವ ರೂಢಿ ಇರಲಿಲ್ಲ, ಹೊರಗಿನವರಿಗೆ ಕಟ್ಟಿದರೂ ಸಿಗುವ ಭರವಸೆ ಇರಲಿಲ್ಲ. ಕಾರ್ಖಾನೆ ಕೈ ಬಿಟ್ಟಾಗ ಹಿಡಿದುಕೊಳ್ಳಲು ಎರಡನೆಯ ಕೈ ಇರಲಿಲ್ಲ. ಕ್ವಾರ್ಟರ್ಸನ್ನು ಲೀಸಿಗೆ ಹಿಡಿದು ಉಳಿದ ನಿವೃತ್ತರಿಗೆ ಸೋರುವ ಹೆಂಚನ್ನು ಯಾರಿಗೆ ದೂರಬೇಕೆಂಬುದೇ ತಿಳಿಯದ ಸ್ಥಿತಿ. ಸರ್ಕಾರ ಕಾರ್ಖಾನೆಗೆ ಸುರಿದ ದುಡ್ಡಿನ ಸಣ್ಣ ಪಾಲನ್ನಾದರೂ ನಗರಸಭೆಯನ್ನು ಬಲಪಡಿಸಲು ಹಾಕಿದ್ದರೆ ಜನಗಣತಿಯ ಆ ಎರಡು ಅಂಕಿಗಳು ಬಹುಶಃ ಬೇರೆ ಇರುತ್ತಿದ್ದವು.

ಖಾಸಗಿಯವರಿಗೆ ಕೊಟ್ಟಿದ್ದರೆ ಸರಿಹೋಗುತ್ತಿತ್ತು ಎನ್ನುವವರಿದ್ದಾರೆ. ಕೊಳ್ಳುವವರೇ ಬರಲಿಲ್ಲ ಎಂಬುದನ್ನು ಅವರು ಮರೆಯುತ್ತಾರೆ. ಗಣಿ ಇಲ್ಲದ ಕಬ್ಬಿಣದ ಕಾರ್ಖಾನೆಯನ್ನು ಯಾರು ಕೊಳ್ಳುತ್ತಾರೆ? ಸರ್ಕಾರವೇ ನಡೆಸಲಿ, ಎಷ್ಟು ನಷ್ಟವಾದರೂ ಆಗಲಿ ಎನ್ನುವವರೂ ಇದ್ದಾರೆ. ಅವರು 1923ರಿಂದ 29ರವರೆಗಿನ ಪಾಠ ಓದಬೇಕು. ಆಗ ನಷ್ಟ ತುಂಬಿಕೊಟ್ಟು ಸುಮ್ಮನೆ ಕೂರಲಿಲ್ಲ, ಜವಾಬ್ದಾರಿ ಹೊರಬಲ್ಲ ಒಬ್ಬರನ್ನು ಅಲ್ಲಿ ಕೂರಿಸಿದರು, ತಯಾರಿಸುವ ಮಾಲನ್ನು ಬದಲಿಸಿದರು. ಉಳಿದದ್ದು ಆಮೇಲೆ ಬಂತು.

ಈಗಿನ ಸ್ಥಿತಿ ಹೀಗಿದೆ. ಗುತ್ತಿಗೆ ಕಾರ್ಮಿಕರ ಧರಣಿಯ ನಡುವೆಯೇ 2023ರ ಆಗಸ್ಟಿನಲ್ಲಿ ಬಾರ್ ಮಿಲ್ ಮತ್ತೆ ಚಾಲೂ ಆಯಿತು, ಸೈಲ್‌ನ ಬೇರೆ ಕಾರ್ಖಾನೆಗಳಿಂದ ಬಂದ ಉಕ್ಕಿನ ಗಟ್ಟಿಗಳನ್ನು ಇಲ್ಲಿ ಸರಳಾಗಿ ಎಳೆಯುವ ಕೆಲಸ. ಅಂದರೆ ಮುಷ್ಟಿಯಲ್ಲಿ ಮರಳು ಹಿಂಡುವ ಕೆಲಸವಲ್ಲ, ಆದರೂ ಕೆಲಸ. 2024ರ ಜೂನಿನಲ್ಲಿ ಕೇಂದ್ರ ಉಕ್ಕು ಖಾತೆ ಕನ್ನಡಿಗರಾದ ಎಚ್.ಡಿ. ಕುಮಾರಸ್ವಾಮಿಯವರ ಕೈಗೆ ಬಂತು, ಅದೇ ತಿಂಗಳು ಅವರು ಕಾರ್ಖಾನೆಗೆ ಬಂದು ಪುನಶ್ಚೇತನದ ಭರವಸೆ ಕೊಟ್ಟರು. ಭರವಸೆಗಳ ಬಗ್ಗೆ ಭದ್ರಾವತಿಯವರಿಗೆ ಉಪನ್ಯಾಸ ಬೇಡ.

ಆದರೆ ಕೇಳಬೇಕಾದದ್ದನ್ನು ಈಗಲೇ ಕೇಳಬಹುದು. ರಾಜ್ಯ ಸರ್ಕಾರ ನಾಳೆಯೇ ಮಾಡಬಹುದಾದ, ಕೋಟಿಗಳ ಲೆಕ್ಕ ಬೇಡದ ಒಂದು ಕೆಲಸವಿದೆ. ಎರಡೂ ಕಾರ್ಖಾನೆಗಳಿಂದ ನಿವೃತ್ತರಾಗಿ ಊರಲ್ಲೇ ಉಳಿದ ಮೋಲ್ಡರು, ಫಿಟ್ಟರು, ಮೆಲ್ಟರು, ಕಾಗದದ ಯಂತ್ರ ನಡೆಸಿದವರು ಯಾರು ಯಾರು ಎಂದು ಪಟ್ಟಿ ಮಾಡಿ, ಐಟಿಐಗಳಲ್ಲಿ, ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದಲ್ಲಿ ಅವರನ್ನು ಗೌರವಧನ ಕೊಟ್ಟು ಪಾಠಕ್ಕೆ ಕರೆಯುವುದು. ಈ ಜಿಟಿಟಿಸಿ 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದದ್ದು. ಪಕ್ಕದಲ್ಲಿ ನಿಂತು ಕಲಿಸುವ ಪದ್ಧತಿಯ ಬೆಲೆ ಅದಕ್ಕೆ ಚೆನ್ನಾಗಿ ಗೊತ್ತು. ಈ ಕೆಲಸಕ್ಕೆ ಇನ್ನು ಹೆಚ್ಚು ವರ್ಷ ಕಾಯುವಂತಿಲ್ಲ, ಪಟ್ಟಿ ಪ್ರತಿ ವರ್ಷ ಚಿಕ್ಕದಾಗುತ್ತಿದೆ.

ಇನ್ನು ಆ ಪುನಶ್ಚೇತನಕ್ಕಾಗಿ ಕೇಂದ್ರ ತರಬೇಕಾದ ಯೋಜನಾ ವರದಿ. ಅದು ಬಂದ ದಿನ ಪತ್ರಿಕೆಗಳು ಮುಖಪುಟದಲ್ಲಿ ಒಟ್ಟು ಮೊತ್ತವನ್ನು ಹಾಕುತ್ತವೆ. ಆ ಮೊತ್ತವನ್ನು ಬಿಟ್ಟು ಮೂರು ಸಂಗತಿ ಹುಡುಕಿ ಎಂದು ಇಲ್ಲಿ ಕೂತಿರುವ ಪತ್ರಕರ್ತ ಮಿತ್ರರಲ್ಲಿ ನನ್ನ ವಿನಂತಿ. ಅದಿರು ಎಲ್ಲಿಂದ, ಯಾವ ಗಣಿಯಿಂದ, ಎಷ್ಟು ವರ್ಷದ ಗುತ್ತಿಗೆಗೆ. ಹೊಸ ಕೆಲಸಗಳಲ್ಲಿ ಕಾಯಂ ಎಷ್ಟು, ಗುತ್ತಿಗೆ ಎಷ್ಟು. ಬಡಾವಣೆಯ ನೀರು, ರಸ್ತೆ, ಆಸ್ಪತ್ರೆಯನ್ನು ನಗರಸಭೆಗೆ ಒಪ್ಪಿಸುವುದಾದರೆ ಅದರ ಜೊತೆ ಎಷ್ಟು ಹಣ, ಎಷ್ಟು ಸಿಬ್ಬಂದಿ. ಮೊದಲನೆಯದಕ್ಕೆ ಗಣಿಯ ಹೆಸರು, ಹೆಕ್ಟೇರು ಸಮೇತ ಉತ್ತರ ಇಲ್ಲದಿದ್ದರೆ ಮುಂದಿನ ಪುಟಗಳನ್ನು ಓದುವ ಶ್ರಮ ಬೇಡ.